ರಾಶಿಯೊಳಗೆ ಕೈ ಹಾಕಿ ನೋಡುವವರು ಯಾರು?

‘ಗೊತ್ತಿರಲಿಲ್ಲ’ ಎಂಬ ಮಾತಿಗೆ ನಮ್ಮ ಸಮಾಜದಲ್ಲಿ ದೊಡ್ಡ ರಿಯಾಯಿತಿಯಿದೆ. ಅದು ನ್ಯಾಯವೂ ಹೌದು. ಅರಿಯದೆ ಆದ ತಪ್ಪಿಗೂ ಅರಿತು ಮಾಡಿದ ತಪ್ಪಿಗೂ ಒಂದೇ ತೂಕವಿಲ್ಲವೆಂಬುದು ಮದ್ರಸಾದ ಕೆಳಗಿನ ತರಗತಿಯ ಮಕ್ಕಳಿಗೂ ತಿಳಿದಿದೆ. ಆದರೆ ಈ ಅರಿಯದಿರುವಿಕೆಯಲ್ಲಿ ಎರಡು ವಿಧಗಳಿವೆ ಎಂಬುದನ್ನು ನಾವು ಮರೆತುಬಿಡುತ್ತೇವೆ. ತಿಳಿಯುವ ದಾರಿಯೇ ಇಲ್ಲದವನ ಅಜ್ಞಾನ ಒಂದು. ದಾರಿ ಕಣ್ಣೆದುರಿಗಿದ್ದರೂ, ಹೋಗಿ ನೋಡಿದರೆ ಏನಾದರೂ ಸಿಕ್ಕೀತು, ಸಿಕ್ಕಿದರೆ ಏನಾದರೂ ಮಾಡಬೇಕಾದೀತು ಎಂಬ ಭಯದಿಂದ ಆ ಕಡೆ ಹೆಜ್ಜೆ ಇಡದವನ ಅಜ್ಞಾನ ಇನ್ನೊಂದು. ಮೊದಲನೆಯದಕ್ಕೆ ಕ್ಷಮೆಯಿದೆ. ಎರಡನೆಯದಕ್ಕೂ ಇದೆಯೇ? ಈ ಪ್ರಶ್ನೆಯನ್ನು ಒಬ್ಬ ವ್ಯಕ್ತಿಯ ಬಗ್ಗೆ ಕೇಳಿದರೆ ಉತ್ತರ ಸುಲಭ. ಒಂದು ಊರಿನ ಬಗ್ಗೆ, ಒಂದು ಸರಕಾರದ ಬಗ್ಗೆ ಕೇಳಿದರೆ ಅಷ್ಟು ಸುಲಭವಲ್ಲ.

ತಮಿಳುನಾಡಿನಲ್ಲಿ ರಾಣಿಪೇಟೆ ಎಂಬ ಊರಿದೆ. ಹಿಂದೆ ವೆಲ್ಲೂರು ಜಿಲ್ಲೆಗೆ ಸೇರಿತ್ತು, 2019ರಿಂದ ತಾನೇ ಒಂದು ಜಿಲ್ಲಾ ಕೇಂದ್ರವಾಗಿದೆ. ಆರ್ಕಾಟಿನ ನವಾಬ ಸಾದತುಲ್ಲಾ ಖಾನ್, ತನ್ನ ವಿರುದ್ಧ ಹೋರಾಡಿ ಮಡಿದ ಜಿಂಜಿಯ ದೇಸಿಂಗು ರಾಜನ ಪತ್ನಿಯ ನೆನಪಿಗಾಗಿ ಈ ಊರನ್ನು ಕಟ್ಟಿಸಿದನೆಂದು ಹೇಳಲಾಗುತ್ತದೆ. ವೈರಿಯ ಮನೆಯ ಹೆಣ್ಣಿಗೆ ಗೌರವ ತೋರಲು ಊರು ಕಟ್ಟಿಸುವುದು ಆ ಕಾಲದ ದೊಡ್ಡತನವಿರಬೇಕು. ಊರಿನ ಪಕ್ಕದಲ್ಲಿ ಪಾಲಾರ್ ನದಿ. ಅದರ ಆಚೆ ದಡದಲ್ಲಿ ಆರ್ಕಾಟ್. ಈ ಪಾಲಾರ್ ನಮಗೆ ಹೊರಗಿನದಲ್ಲ. ಅದು ನಮ್ಮ ನಂದಿಬೆಟ್ಟದ ಕಡೆ ಹುಟ್ಟಿ, ಕೋಲಾರ ಸೀಮೆಯಲ್ಲಿ ಸುಮಾರು 93 ಕಿಲೋಮೀಟರ್ ಹರಿದು, ಆಂಧ್ರದ ಮೂಲಕ ತಮಿಳುನಾಡಿಗೆ ಹೋಗುತ್ತದೆ. ಹೆಸರೂ ನಮಗೆ ಪರಕೀಯವಲ್ಲ. ಹಳಗನ್ನಡದ ‘ಪಾಲ್’ ನಮ್ಮ ಬಾಯಲ್ಲಿ ‘ಹಾಲು’ ಆಯಿತು, ತಮಿಳರ ಬಾಯಲ್ಲಿ ‘ಪಾಲ್’ ಆಗಿಯೇ ಉಳಿಯಿತು. ಪಾಲಾರ್ ಎಂದರೆ ಹಾಲಿನ ಹೊಳೆ. ಸಂಸ್ಕೃತದವರು ಕ್ಷೀರನದಿ ಎಂದರು. ವರ್ಷದ ಬಹುಭಾಗ ಅದರಲ್ಲಿ ಮರಳೇ ಕಾಣುವುದಾದರೂ ಆ ಮರಳಿನಡಿಯ ನೀರೇ ದಡದ ಊರುಗಳ ಜೀವ.

ಈ ರಾಣಿಪೇಟೆಯ ಕೈಗಾರಿಕಾ ಪ್ರದೇಶದಲ್ಲಿ ತಮಿಳುನಾಡು ಕ್ರೋಮೇಟ್ಸ್ ಅಂಡ್ ಕೆಮಿಕಲ್ಸ್ ಎಂಬ ಕಾರ್ಖಾನೆ 1970ರ ದಶಕದ ಮಧ್ಯದಿಂದ 1990ರ ದಶಕದ ಮಧ್ಯದವರೆಗೆ, ಸುಮಾರು ಎರಡು ದಶಕ ಕಾಲ ನಡೆಯಿತು. ಕ್ರೋಮೈಟ್ ಅದಿರನ್ನು ಸೋಡಾದ ಜೊತೆ ಹುರಿದು ಕ್ರೋಮಿಯಂನ ಲವಣಗಳನ್ನು ತೆಗೆಯುವುದು ಅದರ ಕೆಲಸ. ಆ ಲವಣಗಳಲ್ಲೊಂದು ಚರ್ಮ ಹದ ಮಾಡಲು ಬೇಕಾದ ಉಪ್ಪು. ಕ್ರೋಮಿಯಂನಲ್ಲಿ ಎರಡು ರೂಪಗಳು ಮುಖ್ಯ. ಮೂರರ ಬಲದ್ದು ಅಷ್ಟೇನೂ ಉಪದ್ರವಿಯಲ್ಲ, ಹದ ಮಾಡಿದ ಚರ್ಮದಲ್ಲಿರುವುದು ಅದೇ. ಆರರ ಬಲದ್ದು ಹಾಗಲ್ಲ. ಅದು ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಮಣ್ಣಿನಲ್ಲಿ ಇಳಿಯುತ್ತದೆ, ಚರ್ಮವನ್ನು ಹುಣ್ಣಾಗಿಸುತ್ತದೆ, ಉಸಿರಿನ ಮೂಲಕ ಒಳಸೇರಿದರೆ ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ. ಅದಿರನ್ನು ಹುರಿದು ಬೇಕಾದುದನ್ನು ತೆಗೆದ ಮೇಲೆ ಉಳಿಯುವ ಗಸಿಯಲ್ಲಿ ಈ ಎರಡನೆಯ ರೂಪ ಒಂದಷ್ಟು ಉಳಿದೇ ಇರುತ್ತದೆ. ಕಾರ್ಖಾನೆಯವರು ಆ ಗಸಿಯನ್ನು ತಮ್ಮ ಆವರಣದಲ್ಲೇ ರಾಶಿ ಹಾಕುತ್ತಾ ಬಂದರು. ಕಾರ್ಖಾನೆ ಮುಚ್ಚಿತು, ರಾಶಿ ಉಳಿಯಿತು. ಅದು ಎಷ್ಟು? ಒಂದು ಲೆಕ್ಕದಲ್ಲಿ ಒಂದೂವರೆ ಲಕ್ಷ ಟನ್, ಇನ್ನೊಂದು ಲೆಕ್ಕದಲ್ಲಿ ಎರಡೂಕಾಲು ಲಕ್ಷ ಟನ್‌ಗಿಂತಲೂ ಹೆಚ್ಚು. ಎರಡು ಲೆಕ್ಕಗಳ ನಡುವಿನ ಅಂತರವೇ ಮುಕ್ಕಾಲು ಲಕ್ಷ ಟನ್. ಮಳೆ ಬಂದಾಗ ಅದರಡಿಯಿಂದ ಹಳದಿ ನೀರು ಹರಿಯುತ್ತದೆ. 2006ರಲ್ಲಿ ನ್ಯೂಯಾರ್ಕಿನ ಬ್ಲ್ಯಾಕ್‌ಸ್ಮಿತ್ ಸಂಸ್ಥೆ ಜಗತ್ತಿನ ಅತ್ಯಂತ ಕಲುಷಿತವಾದ ಹತ್ತು ಸ್ಥಳಗಳ ಪಟ್ಟಿ ಮಾಡಿದಾಗ ಅದರಲ್ಲಿ ರಾಣಿಪೇಟೆಯೂ ಸೇರಿತು. ರಾಣಿಯ ಹೆಸರಿನ ಊರಿಗೆ ಇಂತಹ ಖ್ಯಾತಿ ಬಂತು.

ಹಳದಿ ನೀರು ಕಣ್ಣಿಗೆ ಕಾಣುತ್ತದೆ. ಕಷ್ಟವಿರುವುದು ಕಾಣದ್ದರಲ್ಲಿ. ವಿಷ ಎಷ್ಟು ಆಳಕ್ಕೆ ಇಳಿದಿದೆ? ನೆಲದಡಿಯ ನೀರು ಯಾವ ದಿಕ್ಕಿಗೆ ಸರಿಯುತ್ತಿದೆ? ಯಾವ ಬಾವಿಗೆ ಇವತ್ತು ತಲುಪಿದೆ, ಯಾವುದಕ್ಕೆ ಹತ್ತು ವರ್ಷದ ನಂತರ ತಲುಪೀತು? ಇದನ್ನು ತಿಳಿಯಲು ಕಣ್ಣು ಸಾಲದು. ಮೊದಲು ಆ ಜಾಗದ ಚರಿತ್ರೆಯನ್ನು ಕಡತಗಳಿಂದಲೂ ಹಳೆಯ ಕೆಲಸಗಾರರಿಂದಲೂ ಸಂಗ್ರಹಿಸಬೇಕು. ನೆಲವನ್ನು ಚೌಕಚೌಕವಾಗಿ ಗುರುತಿಸಿ ಬೇರೆ ಬೇರೆ ಆಳದಿಂದ ಮಣ್ಣು ತೆಗೆಯಬೇಕು. ಸುತ್ತಲೂ ಕೊಳವೆಬಾವಿ ಕೊರೆದು ಮಳೆಗಾಲದಲ್ಲೊಮ್ಮೆ ಬೇಸಗೆಯಲ್ಲೊಮ್ಮೆ ನೀರು ಪರೀಕ್ಷಿಸಬೇಕು. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಒಂದು ಲೀಟರಿಗೆ 0.05 ಮಿಲಿಗ್ರಾಮ್ ಮೀರಬಾರದೆಂಬುದು ನಮ್ಮ ದೇಶದ ಮಾನದಂಡ. ಇಷ್ಟು ಸಣ್ಣ ಪ್ರಮಾಣ ನಾಲಗೆಗೆ ತಿಳಿಯುವುದಿಲ್ಲ, ಪ್ರಯೋಗಾಲಯಕ್ಕೆ ತಿಳಿಯುತ್ತದೆ. ವಿಷ ಎಲ್ಲಿದೆ, ಯಾವ ದಾರಿಯಲ್ಲಿ ಸಾಗುತ್ತದೆ, ಕೊನೆಗೆ ಯಾರ ಬಾಯಿಗೆ ಬೀಳುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಶುದ್ಧೀಕರಣಕ್ಕೆ ಕೈಹಾಕುವುದು ರೋಗ ಗೊತ್ತಿಲ್ಲದೆ ಔಷಧಿ ಕೊಟ್ಟಂತೆ. ರಾಣಿಪೇಟೆಯಲ್ಲಿ ಈ ಕೆಲಸದ ಬಹುಭಾಗ ನಡೆದದ್ದು ಸರಕಾರಿ ಹಣದಿಂದ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅಲ್ಲಿ ನೀರು ಪರೀಕ್ಷಿಸಿ ಆರರ ಬಲದ ಕ್ರೋಮಿಯಂ ಅಂತರ್ಜಲಕ್ಕೆ ಸೇರಿರುವುದನ್ನು ದಾಖಲಿಸಿದರು. ನಮ್ಮ ನಿಮ್ಮ ತೆರಿಗೆಯಿಂದ ನಡೆಯುವ ಸಂಸ್ಥೆಯದು.

ಇಂತಹ ಪರೀಕ್ಷೆಗಳಿಂದ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಅವರು 1996ರ ಆಗಸ್ಟ್ 28ರ ತೀರ್ಪನ್ನು ನೆನಪಿಸಿಕೊಳ್ಳಬೇಕು. ಪಾಲಾರಿಗೆ ತ್ಯಾಜ್ಯ ಬಿಡುತ್ತಿದ್ದ ಚರ್ಮದ ಕಾರ್ಖಾನೆಗಳ ವಿರುದ್ಧ ವೆಲ್ಲೂರಿನ ನಾಗರಿಕರ ವೇದಿಕೆ ಹೂಡಿದ ಮೊಕದ್ದಮೆ ಅದು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಪೀಠ ಅಂದು, ಮಾಲಿನ್ಯ ಮಾಡಿದವನೇ ಅದರ ಬೆಲೆ ತೆರಬೇಕೆಂಬ ತತ್ವವೂ ಹಾನಿ ಆಗುವ ಮೊದಲೇ ತಡೆಯಬೇಕೆಂಬ ತತ್ವವೂ ಈ ದೇಶದ ಕಾನೂನಿನ ಭಾಗವೆಂದು ಸಾರಿತು. ಪ್ರತಿಯೊಂದು ಕಾರ್ಖಾನೆಗೂ ಹತ್ತು ಸಾವಿರ ರೂಪಾಯಿ ದಂಡ ವಿಧಿಸಿತು. ಆ ತೀರ್ಪು ನಿಂತದ್ದು ಯಾವುದರ ಮೇಲೆ? ಕೃಷಿ ವಿಶ್ವವಿದ್ಯಾನಿಲಯದ ಸಂಶೋಧನಾ ಕೇಂದ್ರ ಹೊಲಗಳನ್ನು ಅಳೆದು, ಚರ್ಮೋದ್ಯಮದ ಪ್ರದೇಶದಲ್ಲಿ ಸುಮಾರು 35,000 ಹೆಕ್ಟೇರ್ ಭೂಮಿ ಭಾಗಶಃ ಅಥವಾ ಪೂರ್ಣವಾಗಿ ಬೇಸಾಯಕ್ಕೆ ಅಯೋಗ್ಯವಾಗಿದೆಯೆಂದು ಕೊಟ್ಟ ಲೆಕ್ಕದಂತಹ ಸಾಕ್ಷ್ಯಗಳ ಮೇಲೆ. ಅಳೆಯದಿದ್ದರೆ ರೈತನ ಬಳಿ ಇದ್ದದ್ದು ಬರೀ ಅಳಲು. ಅಳಲಿಗೆ ನ್ಯಾಯಾಲಯದಲ್ಲಿ ಬೆಲೆ ಕಡಿಮೆ.

ಇಲ್ಲಿ ನಮಗೇ ಸಂಬಂಧಿಸಿದ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾಗದು. ವಾಣಿಯಂಬಾಡಿ, ಆಂಬೂರು, ಪೇರ್ಣಾಂಬಟ್ಟು, ರಾಣಿಪೇಟೆಗಳ ಚರ್ಮದ ವ್ಯಾಪಾರದಲ್ಲಿ ಮುಸ್ಲಿಮರ ಪಾಲು ದೊಡ್ಡದು. ಆ ಹಣದಿಂದ ಕಾಲೇಜುಗಳು ಎದ್ದಿವೆ, ಮಸೀದಿಗಳು ಎದ್ದಿವೆ, ಬಡವರ ಮಕ್ಕಳು ಓದಿದ್ದಾರೆ. ಬಕ್ರೀದ್ ಬಂದಾಗ ನಮ್ಮ ಮದ್ರಸಾಗಳು ಸಂಗ್ರಹಿಸುವ ಕುರ್ಬಾನಿಯ ಚರ್ಮಗಳಲ್ಲೂ ಅನೇಕವು ಅದೇ ಸೀಮೆಯ ದಾರಿ ಹಿಡಿಯುತ್ತವೆ. ಆದುದರಿಂದ ರಾಣಿಪೇಟೆಯ ರಾಶಿಯನ್ನು ದೂರದಲ್ಲಿ ನಿಂತು ‘ಯಾರದೋ ಪಾಪ’ ಎನ್ನುವ ಹಕ್ಕು ನಮಗಿಲ್ಲ. ಅಲ್ಲಿ ತಯಾರಾದ ಉಪ್ಪಿನಿಂದ ಹದಗೊಂಡ ಚರ್ಮದ ಚಪ್ಪಲಿಯನ್ನು ಮಸೀದಿಯ ಬಾಗಿಲಲ್ಲಿ ಬಿಟ್ಟು ಒಳಗೆ ಹೋಗುವವರು ನಾವೂ ಆಗಿದ್ದೇವೆ. 2015ರ ಜನವರಿ 31ರಂದು ಅದೇ ರಾಣಿಪೇಟೆಯಲ್ಲಿ ಚರ್ಮ ಕಾರ್ಖಾನೆಗಳ ಸಾಮೂಹಿಕ ತ್ಯಾಜ್ಯ ಘಟಕದ ತೊಟ್ಟಿಯ ಗೋಡೆ ಒಡೆದು, ಪಕ್ಕದ ಕಾರ್ಖಾನೆಯಲ್ಲಿ ನಿದ್ರಿಸುತ್ತಿದ್ದ 10 ಮಂದಿ ಕಾರ್ಮಿಕರು ಕೆಸರಿನಲ್ಲಿ ಸಿಕ್ಕಿ ಸತ್ತರು. ಹೆಚ್ಚಿನವರು ಬಂಗಾಳದಿಂದ ಹೊಟ್ಟೆಪಾಡಿಗಾಗಿ ಬಂದವರು. ಅದು ಬೇರೆ ತ್ಯಾಜ್ಯ, ಬೇರೆ ಘಟನೆ. ಆದರೆ ರಾಶಿ ಹಾಕಿ ಮರೆಯುವ ಅಭ್ಯಾಸ ಒಂದೇ.

ಪ್ರವಾದಿವರ್ಯರು(ಸ) ಒಮ್ಮೆ ಮಾರುಕಟ್ಟೆಯಲ್ಲಿ ಹಾದುಹೋಗುವಾಗ ಒಬ್ಬ ವ್ಯಾಪಾರಿಯ ಧಾನ್ಯದ ರಾಶಿಯೊಳಗೆ ಕೈ ಹಾಕಿ ನೋಡಿದ ಘಟನೆ ಓದುಗರಿಗೆ ಪರಿಚಿತವೇ. ಮೇಲೆ ಒಣಗಿತ್ತು, ಒಳಗೆ ಬೆರಳಿಗೆ ತೇವ ತಾಗಿತು. ಇದೇನೆಂದು ಕೇಳಿದಾಗ ಮಳೆ ಬಿದ್ದಿತೆಂದು ಅವನು ಹೇಳಿದ. ಹಾಗಾದರೆ ಜನರು ನೋಡುವಂತೆ ಅದನ್ನು ಮೇಲೆ ಇಡಬಾರದಿತ್ತೇ ಎಂದು ಕೇಳಿ, ವಂಚಕನಿಗೂ ತಮಗೂ ಸಂಬಂಧವಿಲ್ಲವೆಂದು ಎಚ್ಚರಿಸಿದರು. ಈ ಹದೀಸನ್ನು ನಾವು ಸಾಮಾನ್ಯವಾಗಿ ತೂಕದ ಮೋಸ, ಕಲಬೆರಕೆಗಳ ಬಗ್ಗೆ ಹೇಳುವಾಗ ಉದಾಹರಿಸುತ್ತೇವೆ. ಅದರ ಎರಡು ಅಂಶಗಳು ನಮ್ಮ ಗಮನದಿಂದ ಜಾರಿಹೋಗುತ್ತವೆ. ಒಂದನೆಯದಾಗಿ, ಮಳೆ ಬಂದದ್ದು ಆ ವ್ಯಾಪಾರಿಯ ತಪ್ಪಲ್ಲ. ಮಳೆಗಾಗಿ ಅವನನ್ನು ಯಾರೂ ಗದರಿಸಲಿಲ್ಲ. ಆಕ್ಷೇಪ ಬಂದದ್ದು ಒದ್ದೆಯನ್ನು ಅಡಿಯಲ್ಲಿ ಇಟ್ಟದ್ದಕ್ಕೆ. ಎರಡನೆಯದಾಗಿ, ಪ್ರವಾದಿವರ್ಯರು(ಸ) ರಾಶಿಯ ಮೇಲ್ಮೈ ನೋಡಿ ತೃಪ್ತರಾಗಲಿಲ್ಲ. ಯಾರೂ ದೂರು ಕೊಟ್ಟದ್ದಾಗಿ ವರದಿಯಲ್ಲಿಲ್ಲ. ಊರಿನ ಹೊಣೆ ಹೊತ್ತವರು ತಾವಾಗಿಯೇ ಕೈ ಹಾಕಿದರು.

ಕಲುಷಿತ ಭೂಮಿಯ ಪರೀಕ್ಷೆಗೆ ಸರಕಾರ ಹಣ ಕೊಡುವುದೆಂದರೆ ಇದೇ ಅಲ್ಲವೇ? ಇಂದಿನ ಪುರಸಭೆಯವರು, ಇಂದಿನ ನಿವಾಸಿಗಳು ಆ ವಿಷ ಸುರಿದವರಲ್ಲ. ಅವರ ಪಾಲಿಗೆ ಅದು ಬಿದ್ದ ಮಳೆಯಂತೆ. ಆದರೆ ಒದ್ದೆಯನ್ನು ಮೇಲಿಡುವ ಹೊಣೆ ಅವರದೇ. ಸುರಿದವನು ನಾನಲ್ಲ ಎಂಬ ಸಮಜಾಯಿಷಿ ಆ ಹೊಣೆಯನ್ನು ಇಳಿಸುವುದಿಲ್ಲ.

ಊರವರಿಗೆ ಈ ಮಾತು ಇಷ್ಟವಾಗದಿರುವುದಕ್ಕೆ ಕಾರಣಗಳಿವೆ, ಅವು ಕ್ಷುಲ್ಲಕವಲ್ಲ. ನೆಲದಲ್ಲಿ ವಿಷವಿದೆಯೆಂದು ಸರಕಾರಿ ಪತ್ರದಲ್ಲಿ ಬರೆದ ದಿನ ಆ ಬೀದಿಯ ಮನೆಗಳ ಬೆಲೆ ಬೀಳುತ್ತದೆ. ಜೀವಮಾನದ ಉಳಿತಾಯವನ್ನೆಲ್ಲ ಸುರಿದು ಐದು ಸೆಂಟ್ಸ್ ಜಾಗ ಕೊಂಡವನಿಗೆ ಅದು ಕಾಗದದ ಮಾತಲ್ಲ. ಬ್ಯಾಂಕು ಸಾಲ ಕೊಡುವುದಿಲ್ಲ. ಆ ಊರಿನ ತರಕಾರಿ, ಹಾಲುಗಳನ್ನು ಪಕ್ಕದ ಪೇಟೆಯವರು ಮುಟ್ಟುವುದಿಲ್ಲ. ಮದುವೆಯ ಮಾತು ಬಂದಾಗ ‘ಆ ಊರಿನ ಹುಡುಗಿಯೇ?’ ಎಂದು ಮುಖ ನೋಡುತ್ತಾರೆ. ಇದನ್ನೆಲ್ಲ ಪೇಟೆಯಲ್ಲಿ ಕುಳಿತು ಪರಿಸರದ ಬಗ್ಗೆ ಭಾಷಣ ಮಾಡುವವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದುದರಿಂದ ‘ಯಾಕೆ ಕೆದಕುತ್ತೀರಿ, ಮುಚ್ಚಿಟ್ಟದ್ದು ಮುಚ್ಚಿಯೇ ಇರಲಿ’ ಎನ್ನುವವನು ಕೆಟ್ಟವನೇ ಆಗಬೇಕೆಂದಿಲ್ಲ. ಹೆದರಿದವನು ಅವನು.

ಇನ್ನು ಕೆಲವರು ಧರ್ಮದ ಆಧಾರವನ್ನೇ ತರುತ್ತಾರೆ. ಇತರರ ದೋಷಗಳನ್ನು ಕೆದಕಿ ನೋಡಬಾರದೆಂದು ಸೂರಃ ಅಲ್ ಹುಜುರಾತ್‌ನಲ್ಲಿ ಸ್ಪಷ್ಟ ನಿಷೇಧವಿಲ್ಲವೇ? ಸಹೋದರನ ನ್ಯೂನತೆಯನ್ನು ಮುಚ್ಚಿದವನ ನ್ಯೂನತೆಯನ್ನು ಅಲ್ಲಾಹನು ಮುಚ್ಚುವನೆಂದು ಕಲಿಸಲಾಗಿಲ್ಲವೇ? ಇದೆ, ಕಲಿಸಲಾಗಿದೆ. ಆದರೆ ಅದು ಒಬ್ಬ ಮನುಷ್ಯನಿಗೂ ಅವನ ಪ್ರಭುವಿಗೂ ನಡುವಿನ ಪಾಪಗಳ ವಿಷಯ. ಮುಚ್ಚಿಟ್ಟರೆ ಮೂರನೆಯವನು ಸಾಯುವಂತಹ ದೋಷಕ್ಕೆ ಆ ನಿಯಮ ಅನ್ವಯಿಸುವುದಿಲ್ಲ. ಇದಕ್ಕೆ ನಮ್ಮ ಪರಂಪರೆಯಲ್ಲಿಯೇ ಭದ್ರವಾದ ದೃಷ್ಟಾಂತವಿದೆ. ಹದೀಸ್ ವರದಿಗಾರರ ನೆನಪಿನ ಶಕ್ತಿ, ಸತ್ಯಸಂಧತೆ, ನಡತೆಗಳನ್ನು ಒಬ್ಬೊಬ್ಬರದಾಗಿ ಪರೀಕ್ಷಿಸಿ ಇವನು ವಿಶ್ವಾಸಾರ್ಹ, ಇವನು ದುರ್ಬಲ, ಇವನು ಸುಳ್ಳುಗಾರ ಎಂದು ದಾಖಲಿಸುವ ಒಂದು ಶಾಸ್ತ್ರವೇ ಇದೆ. ಜರ್ಹ್ ವ ತಅದೀಲ್ ಎಂಬ ಆ ಶಾಸ್ತ್ರದಲ್ಲಿ ಯಹ್ಯಾ ಇಬ್ನು ಮಈನ್‌ರಂತಹ ವಿದ್ವಾಂಸರು ಜೀವನ ಸವೆಸಿದರು. ಇದು ಪರದೂಷಣೆಯಲ್ಲವೇ ಎಂಬ ಪ್ರಶ್ನೆ ಅಂದೂ ಬಂದಿತ್ತು. ಅಲ್ಲವೆಂದು ವಿದ್ವಾಂಸರು ತೀರ್ಮಾನಿಸಿದರು. ಯಾಕೆಂದರೆ ಒಬ್ಬ ವರದಿಗಾರನ ಮರ್ಯಾದೆ ಉಳಿಸಲು ಹೋಗಿ ಇಡೀ ಸಮುದಾಯದ ಧರ್ಮಕ್ಕೆ ಕಲಬೆರಕೆ ಸೇರಬಾರದು. ವರದಿಗಾರರ ಸರಪಣಿಯನ್ನು ಇಷ್ಟು ಕಟ್ಟುನಿಟ್ಟಾಗಿ ಪರೀಕ್ಷಿಸಿದ ಸಮುದಾಯ, ತಾನು ಕುಡಿಯುವ ನೀರಿನ ಸರಪಣಿಯನ್ನು ಪರೀಕ್ಷಿಸಲು ಹಿಂಜರಿಯುವುದೆಂದರೆ ಅದು ವಿಚಿತ್ರವೇ.

ಜರ್ಹ್ ಜೊತೆಗೆ ತಅದೀಲ್ ಕೂಡ ಇದೆಯೆಂಬುದನ್ನು ಮರೆಯಬಾರದು. ಆ ಶಾಸ್ತ್ರ ಜನರನ್ನು ತಳ್ಳಿಹಾಕಲು ಮಾತ್ರವಲ್ಲ, ಎತ್ತಿಹಿಡಿಯಲೂ ಇತ್ತು. ಭೂಮಿಯ ಪರೀಕ್ಷೆಯಲ್ಲೂ ಹಾಗೆಯೇ. ಹಳೆಯ ಪೆಟ್ರೋಲ್ ಬಂಕ್ ಇದ್ದ ಜಾಗ, ಮುಚ್ಚಿದ ಬಣ್ಣದ ಕಾರ್ಖಾನೆಯ ಜಾಗ, ‘ಅಲ್ಲಿ ಏನೋ ಹೂತಿದ್ದಾರಂತೆ’ ಎಂಬ ಗುಮಾನಿಯಿಂದಲೇ ದಶಕಗಟ್ಟಲೆ ಪಾಳು ಬೀಳುತ್ತದೆ. ಪರೀಕ್ಷಿಸಿ ನೋಡಿದರೆ ಎಷ್ಟೋ ಕಡೆ ನೆಲ ಶುದ್ಧವಾಗಿಯೇ ಇರುತ್ತದೆ, ಅಥವಾ ಒಂದು ಮೂಲೆಯ ಮಣ್ಣು ತೆಗೆದರೆ ಸಾಕಾಗುತ್ತದೆ. ಮಣ್ಣಿಗೂ ಅಪವಾದದಿಂದ ಬಿಡುಗಡೆ ಬೇಕು. ವದಂತಿಯಿಂದ ಬೀಳುವ ಬೆಲೆಯನ್ನು ಎತ್ತಬಲ್ಲುದು ಪರೀಕ್ಷೆಯೊಂದೇ.

ಅಮೆರಿಕದವರು ಇದನ್ನು ಬಹಳ ನೋವು ತಿಂದು ಕಲಿತರು. ನಯಾಗರ ಫಾಲ್ಸ್ ಎಂಬ ಪಟ್ಟಣದಲ್ಲಿ ಲವ್ ಕೆನಾಲ್ ಎಂಬ ಅರ್ಧಕ್ಕೆ ನಿಂತ ಕಾಲುವೆಯೊಂದಿತ್ತು. ಹೂಕರ್ ಎಂಬ ರಾಸಾಯನಿಕ ಕಂಪೆನಿ ಅದರಲ್ಲಿ 1940ರ ದಶಕದಿಂದ 21,000 ಟನ್‌ಗಿಂತಲೂ ಹೆಚ್ಚು ತ್ಯಾಜ್ಯ ತುಂಬಿ, ಮಣ್ಣು ಮುಚ್ಚಿ, 1953ರಲ್ಲಿ ಆ ಜಾಗವನ್ನು ಊರಿನ ಶಾಲಾ ಮಂಡಳಿಗೆ ಒಂದು ಡಾಲರಿಗೆ ಮಾರಿತು. ಅಲ್ಲಿ ಶಾಲೆ ಎದ್ದಿತು, ಸುತ್ತ ಮನೆಗಳು ಎದ್ದವು. 1978ರಲ್ಲಿ ನೆಲಮಾಳಿಗೆಗಳ ಗಾಳಿಯನ್ನೂ ಮಣ್ಣನ್ನೂ ಪರೀಕ್ಷಿಸಿದ ಮೇಲೆ ಅಧ್ಯಕ್ಷ ಕಾರ್ಟರ್ ತುರ್ತುಸ್ಥಿತಿ ಘೋಷಿಸಿದರು. ಮೊದಲ ಹಂತದಲ್ಲೇ ಇನ್ನೂರಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟವು. ಗಮನಿಸಬೇಕಾದ ವಿಷಯವೇನೆಂದರೆ, ಕಂಪೆನಿಯು ಕ್ರಯಪತ್ರದಲ್ಲಿ ರಾಸಾಯನಿಕ ತುಂಬಿರುವುದನ್ನು ಬರೆದಿತ್ತು! ಕೊಂಡವನಿಗೆ ತಿಳಿಸಿತ್ತು. ವ್ಯಾಪಾರದ ನಿಯಮದ ಪ್ರಕಾರ ದೋಷ ಹೇಳಿ ಮಾರಿದರೆ ಮಾರಿದವನು ಮುಕ್ತ ಎನ್ನಬಹುದು. ಆದರೆ ಆ ಶಾಲೆಯ ಅಂಗಳದಲ್ಲಿ ಆಡಿದ ಮಗು ಕ್ರಯಪತ್ರಕ್ಕೆ ಸಹಿ ಹಾಕಿರಲಿಲ್ಲ. ಭೂಮಿಯ ದೋಷ ಧಾನ್ಯದ ದೋಷದಂತಲ್ಲ. ಅದು ಮಾರಿದವನನ್ನೂ ಕೊಂಡವನನ್ನೂ ದಾಟಿ, ಆಗ ಹುಟ್ಟಿಯೇ ಇರದವರನ್ನು ತಲುಪುತ್ತದೆ. ಇಬ್ಬರ ನಡುವಿನ ಒಪ್ಪಂದಕ್ಕೆ ಬಿಡಲಾಗದಂತಹ ವಿಷಯ ಇದಾದುದರಿಂದಲೇ ಇಲ್ಲಿ ಸರಕಾರದ ಕೈ ಬೇಕಾಗುತ್ತದೆ. 1980ರಲ್ಲಿ ಅಲ್ಲಿ ಇದಕ್ಕಾಗಿ ಕಾನೂನು ಬಂತು. ಸಣ್ಣ ಊರುಗಳ ಸಣ್ಣ ಜಾಗಗಳ ಪರೀಕ್ಷೆಗೆ ಹಣ ಕೊಡುವ ಯೋಜನೆ 1995ರಲ್ಲಿ ಆರಂಭವಾಗಿ 2002ರಲ್ಲಿ ಶಾಸನವಾಯಿತು. ತಾನೇ ಒಬ್ಬ ಇಂಜಿನಿಯರನ್ನು ಇಟ್ಟುಕೊಳ್ಳಲಾಗದ ಪುರಸಭೆಯೂ ಅರ್ಜಿ ಹಾಕಿ, ತನ್ನ ನೆಲದಲ್ಲಿ ಏನಿದೆಯೆಂದು ತಿಳಿದುಕೊಳ್ಳಲು ಅದರಿಂದ ಸಾಧ್ಯವಾಗಿದೆ.

ಹಣ ಯಾರದು ಎಂಬ ಪ್ರಶ್ನೆ ಮಾತ್ರ ಬಾಕಿ ಉಳಿಯುತ್ತದೆ, ಅದೇ ಕಠಿಣವಾದುದು. ಮಾಲಿನ್ಯ ಮಾಡಿದವನೇ ತೆರಬೇಕು, ಸರಿ. ಅವನು ದಿವಾಳಿಯಾಗಿದ್ದರೆ? ಬಾಗಿಲು ಮುಚ್ಚಿ ಹೋಗಿದ್ದರೆ? ಯಾವುದೋ ಸೇಠ್ ಲಾಭ ತಿಂದು ಬಿಟ್ಟುಹೋದ ಗಸಿಯನ್ನು ಅಳೆಯಲು ಬೀಡಿ ಕಟ್ಟುವ ಹೆಂಗಸು ಬೆಂಕಿಪೊಟ್ಟಣದ ಮೇಲೆ ತೆತ್ತ ತೆರಿಗೆ ಯಾಕೆ ಹೋಗಬೇಕು? ಈ ಆಕ್ಷೇಪವನ್ನು ತಳ್ಳಿಹಾಕುವುದು ಸುಲಭವಲ್ಲ.

ಇಲ್ಲಿ ನನಗೆ ನೆನಪಾಗುವುದು ಸಾಲಗಾರನ ಜನಾಝದ ವಿಷಯ. ಮೊದಮೊದಲು ಸಾಲ ಉಳಿಸಿ ತೀರಿಕೊಂಡವನ ಪಾರ್ಥಿವ ಶರೀರ ತಂದಾಗ ಪ್ರವಾದಿವರ್ಯರು(ಸ), ಸಾಲ ತೀರಿಸಲು ಏನಾದರೂ ಬಿಟ್ಟಿದ್ದಾನೆಯೇ ಎಂದು ವಿಚಾರಿಸುತ್ತಿದ್ದರು. ಇಲ್ಲವೆಂದಾದರೆ ತಾವು ನಮಾಝ್ ನಿರ್ವಹಿಸದೆ ಸಂಗಡಿಗರಿಗೆ ನಿರ್ವಹಿಸಲು ಹೇಳುತ್ತಿದ್ದರು. ಮುಂದೆ ಅಲ್ಲಾಹನು ಅನುಕೂಲ ಒದಗಿಸಿದಾಗ, ಸಾಲ ಉಳಿಸಿ ತೀರಿಕೊಂಡವರ ಸಾಲ ತಮ್ಮ ಹೊಣೆಯೆಂದೂ ಆಸ್ತಿ ಬಿಟ್ಟುಹೋದರೆ ಅದು ವಾರಸುದಾರರಿಗೆಂದೂ ಘೋಷಿಸಿದರು. ಈ ಎರಡೂ ಹಂತಗಳನ್ನು ಒಟ್ಟಿಗೆ ಓದಬೇಕು. ಸಾಲ ಕೊಟ್ಟವನು ಮುಳುಗಬಾರದೆಂದು ಸಾರ್ವಜನಿಕ ನಿಧಿ ಮುಂದೆ ಬರುತ್ತದೆ. ಆದರೆ ಏನು ಬಿಟ್ಟಿದ್ದಾನೆ ಎಂಬ ವಿಚಾರಣೆ ಮೊದಲು ನಡೆಯುತ್ತದೆ. ವಿಷದ ರಾಶಿಯೂ ಒಂದು ಸಾಲವೇ. ಅದನ್ನು ಕೊಟ್ಟವರು ಆ ಊರಿನ ಬಾವಿಗಳು, ಹೊಲಗಳು, ಮಕ್ಕಳ ಶ್ವಾಸಕೋಶಗಳು. ಸಾಲಗಾರ ಸತ್ತನೆಂದು ಅವರನ್ನು ಬರಿಗೈಯಲ್ಲಿ ಕಳುಹಿಸಲಾಗದು. ಮೊದಲು ನಿಧಿಯಿಂದ ತೆತ್ತು, ಆ ಮೇಲೆ ಆಸ್ತಿ ಹುಡುಕಬೇಕು. ಕಂಪೆನಿಯ ಹೆಸರು ಅಳಿದರೂ ಅದರ ಜಮೀನು, ಯಂತ್ರ, ಲಾಭಾಂಶಗಳು ಎಲ್ಲೋ ಯಾರ ಹೆಸರಲ್ಲೋ ಇರುತ್ತವೆ. ಹುಡುಕದೆ ತೆರುವುದು ಕಳ್ಳನಿಗೆ ಮಾಡುವ ದಾನ. ಹುಡುಕಾಟ ಮುಗಿಯುವವರೆಗೆ ಪರೀಕ್ಷೆಯನ್ನೇ ತಡೆಯುವುದೂ ಬಾವಿಗೆ ಮಾಡುವ ಅನ್ಯಾಯ. ವಿಷ ನ್ಯಾಯಾಲಯದ ವಾಯಿದೆಗಾಗಿ ಕಾಯುವುದಿಲ್ಲ.

ನಮ್ಮ ದೇಶದಲ್ಲಿ ಇದಕ್ಕೆ ಪ್ರತ್ಯೇಕವಾದ ನಿಯಮಗಳು ಬಂದದ್ದು 2025ರ ಜುಲೈ ತಿಂಗಳಲ್ಲಿ. ಅವುಗಳ ಪ್ರಕಾರ ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಸಂಶಯಾಸ್ಪದ ಜಾಗಗಳ ವರದಿ ಕೊಡಬೇಕು. 90 ದಿನಗಳಲ್ಲಿ ಪ್ರಾಥಮಿಕ ಪರೀಕ್ಷೆಯಾಗಬೇಕು, ಮತ್ತೆ ಮೂರು ತಿಂಗಳಲ್ಲಿ ವಿವರವಾದ ಸಮೀಕ್ಷೆ. ಕಾರಣನಾದವನನ್ನು ಗುರುತಿಸಿ ವೆಚ್ಚ ವಸೂಲು ಮಾಡಬೇಕು, ಆಗದಿದ್ದರೆ ಕೇಂದ್ರ ಮತ್ತು ರಾಜ್ಯಗಳು ಹಣದ ವ್ಯವಸ್ಥೆ ಮಾಡಬೇಕು. ಒಳ್ಳೆಯದೇ. ಆ ಹೊತ್ತಿಗೆ ದೇಶದಲ್ಲಿ ಗುರುತಿಸಲಾಗಿದ್ದ ಕಲುಷಿತ ಜಾಗಗಳು 103, ಅವುಗಳಲ್ಲಿ ಶುದ್ಧೀಕರಣ ಆರಂಭವಾಗಿದ್ದುದು ಏಳರಲ್ಲಿ ಮಾತ್ರ. ನಿಯಮಗಳಲ್ಲಿ ಪರೀಕ್ಷೆಗೆ ದಿನಗಳ ಲೆಕ್ಕವಿದೆ. ಪರೀಕ್ಷೆಯಾದ ಮೇಲೆ ಇಷ್ಟು ದಿನಗಳೊಳಗೆ ನೆಲ ಶುದ್ಧವಾಗಿರಬೇಕೆಂಬ ಗಡುವು ಇಲ್ಲ.

ಪರೀಕ್ಷೆಯ ಪರವಾಗಿ ಇಷ್ಟು ಹೇಳಿದ ಮೇಲೆ ಅದರ ದುರುಪಯೋಗದ ಬಗ್ಗೆಯೂ ಹೇಳಬೇಕಾದುದು ಇದೇ ಕಾರಣಕ್ಕೆ. ರಾಣಿಪೇಟೆಯ ಕಾರ್ಖಾನೆ ಮುಚ್ಚಿ ಕಾಲು ಶತಮಾನ ಕಳೆದಾಗಲೂ ರಾಶಿ ಅಲ್ಲೇ ಇತ್ತು. ಈ ಮಧ್ಯೆ ಅದನ್ನು ಅಳೆದವರಿಗೆ ಕೊರತೆಯಿರಲಿಲ್ಲ. ಅಧ್ಯಯನವಾಯಿತು, ಅಧ್ಯಯನದ ಮೇಲೆ ಅಧ್ಯಯನವಾಯಿತು, ಸಮಿತಿ ಭೇಟಿ ಕೊಟ್ಟಿತು. ಮಾಡದಿರಲು ಇರುವ ಅತ್ಯಂತ ಮರ್ಯಾದಸ್ತ ಉಪಾಯವೆಂದರೆ ಇನ್ನೊಂದು ವರದಿ ತರಿಸುವುದು. ‘ಗೊತ್ತಿರಲಿಲ್ಲ’ ಎನ್ನುವವನಿಗಾದರೂ ಒಂದು ನೆಪವಿತ್ತು. ಸಾರ್ವಜನಿಕರ ಹಣದಿಂದ ಕೈ ಹಾಕಿ, ಒದ್ದೆ ಮುಟ್ಟಿ, ಕೈ ಒರೆಸಿಕೊಂಡು ಹೋದವನಿಗೆ ಆ ನೆಪವೂ ಇಲ್ಲ. ತಿಳಿದದ್ದು ಅವನ ಕೊರಳಿಗೆ ಬಿದ್ದ ಅಮಾನತ್. ವರದಿ ಇಂಗ್ಲಿಷಿನಲ್ಲಿ ಬರೆಯಲ್ಪಟ್ಟು ರಾಜಧಾನಿಯ ಕಪಾಟಿನಲ್ಲಿ ಉಳಿದರೆ ಒದ್ದೆ ಧಾನ್ಯ ಮತ್ತೆ ಅಡಿಗೆ ಹೋದಂತೆಯೇ, ಈ ಸಲ ಕಾಗದದ ಅಡಿಗೆ. ಬಾವಿಯ ನೀರು ಕುಡಿಯುವವರಿಗೆ ಅವರ ಭಾಷೆಯಲ್ಲಿ, ಯಾವ ಬಾವಿ ಬಳಸಬಹುದು ಯಾವುದು ಬೇಡ ಎಂದು ಬಾವಿಯ ಕಟ್ಟೆಯ ಮೇಲೆಯೇ ಬರೆದು ತಿಳಿಸಬೇಕು. ಪುರಸಭೆ ಮಾಡದಿದ್ದರೆ ಇದನ್ನು ಜಮಾಅತಿನವರೂ ದೇವಸ್ಥಾನದವರೂ ಕೂಡಿ ಮಾಡಬಹುದು. ಶುಕ್ರವಾರ ಜುಮಾದ ನಂತರ ಎರಡು ನಿಮಿಷದ ಪ್ರಕಟಣೆಗೆ ಯಾವ ಖತೀಬರೂ ಅಡ್ಡಿ ಮಾಡಲಾರರು. ಪರೀಕ್ಷೆಗೆ ಹಣ ಕೇಳುವಾಗಲೇ ‘ವಿಷ ಸಿಕ್ಕಿದರೆ ಮುಂದೇನು, ಯಾವ ತಾರೀಕಿನೊಳಗೆ, ಅಲ್ಲಿಯವರೆಗೆ ಕುಡಿಯಲು ನೀರು ಯಾರು ಕೊಡುತ್ತಾರೆ’ ಎಂಬ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಕೇಳಬೇಕು. ಸಿಗದಿರಬಹುದು. ಕೇಳಿದ್ದು ದಾಖಲಾಗುತ್ತದೆ.

ಪಾಲಾರಿನ ದಡದಲ್ಲೇ ಹಿಂದಕ್ಕೆ ನಡೆಯುತ್ತಾ ಬಂದರೆ ನಮ್ಮ ಕೋಲಾರ ಜಿಲ್ಲೆ ಸಿಗುತ್ತದೆ, ಬೇತಮಂಗಲದ ಕೆರೆ ಸಿಗುತ್ತದೆ. ಆ ಕೆರೆಯ ನೀರು ಕುಡಿದು ಬೆಳೆದ ಊರು ಕೆ.ಜಿ.ಎಫ್. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ಅದಿರನ್ನು ಪುಡಿ ಮಾಡಿ, ಸೈನೈಡಿನಿಂದ ಚಿನ್ನ ತೆಗೆದು ಬಿಟ್ಟ ದೂಳಿನ ಗುಡ್ಡಗಳು ಉಳಿದವು. ಜನ ಅವನ್ನು ಸೈನೈಡ್ ಗುಡ್ಡಗಳೆಂದೇ ಕರೆಯುತ್ತಾರೆ. 13 ಗುಡ್ಡಗಳು, ಸಾವಿರ ಎಕರೆಗೂ ಮಿಕ್ಕಿದ ಜಾಗ, ಮೂರು ಕೋಟಿ ಟನ್ನಿಗೂ ಹೆಚ್ಚು ದೂಳು. ಬೇಸಗೆಯ ಗಾಳಿಗೆ ಆ ದೂಳು ಎದ್ದು ಮನೆಗಳೊಳಗೆ ಬರುತ್ತದೆ. ಅದರಲ್ಲಿ ಇನ್ನೂ ಎಷ್ಟು ಚಿನ್ನ ಉಳಿದಿದೆಯೆಂದು ಸರಕಾರಿ ಹಣದಿಂದ ಮಾದರಿ ತೆಗೆದು ಅಳೆಯಲಾಗಿದೆ. ಆ ಚಿನ್ನವನ್ನು ಮತ್ತೆ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ 2024ರಲ್ಲಿ ಒಪ್ಪಿಗೆಯನ್ನೂ ಕೊಟ್ಟಿದೆ. ಅಂದರೆ ರಾಶಿಯೊಳಗೆ ಕೈ ಹಾಕುವುದು ನಮಗೆ ಬಾರದ ವಿದ್ಯೆಯಲ್ಲ. ಆದರೆ 2025ರ ನಿಯಮಗಳಲ್ಲಿ ಗಣಿಗಾರಿಕೆಯಿಂದಾದ ಮಾಲಿನ್ಯ ಸೇರಿಲ್ಲ, ಅದಕ್ಕೆ ಬೇರೆ ಕಾನೂನುಗಳಿವೆಯೆಂಬುದು ಕಾರಣ. ಹಾಗಿದ್ದರೆ ಕೆ.ಜಿ.ಎಫ್.ನ ತಾಯಿಯೊಬ್ಬಳು, ತನ್ನ ಮಗು ಉಸಿರಾಡುವ ದೂಳಿನಲ್ಲಿ ಚಿನ್ನದ ಹೊರತು ಇನ್ನೇನಿದೆಯೆಂದು ಕೇಳಲು ಯಾವ ಕಾನೂನಿನ ಯಾವ ಕಚೇರಿಗೆ ಹೋಗಬೇಕು ಎಂಬುದನ್ನು ಕೋಲಾರದ ಜಿಲ್ಲಾಧಿಕಾರಿಗಳ ಕಚೇರಿಯ ಫಲಕದಲ್ಲಿಯಾದರೂ ಬರೆದು ಹಾಕಲಿ.